‘ಚಾರ್ಜರ್’ ಅಂದ್ರೆ ಯಾವುದು? ಗೋಡೆ ಮೇಲಿನ ಡಬ್ಬವಾ, ಕಾರೊಳಗೆ ಇರೋದಾ?

ಎಲ್ಲರಿಗೂ ನಮಸ್ಕಾರ. ಎಲೆಕ್ಟ್ರಿಕ್ ಕಾರಿನ ಕೈಪಿಡಿಯೊಂದನ್ನ ಕನ್ನಡಕ್ಕೆ ತರ್ತಾ ಇದೀನಿ, ಮೂರನೇ ಪುಟದಲ್ಲೇ ಗಾಡಿ ನಿಂತಿದೆ. ನಿಲ್ಲಿಸಿರೋದು ಎಲ್ಲರ ಬಾಯಲ್ಲೂ ಓಡಾಡೋ ‘ಚಾರ್ಜರ್’ ಅನ್ನೋ ಪದ.

ವಿಷಯ ಏನಪ್ಪಾ ಅಂದ್ರೆ, ಬ್ಯಾಟರಿಗೆ ಬೇಕಿರೋದು ಡಿಸಿ (ಒಂದೇ ದಿಕ್ಕಿಗೆ ಹರಿಯೋ ಕರೆಂಟು), ಗೋಡೆಯಿಂದ ಬರೋದು ಎಸಿ (ದಿಕ್ಕು ಬದಲಿಸ್ತಾ ಹರಿಯೋ ಕರೆಂಟು). ಎಸಿನ ಡಿಸಿ ಮಾಡಿ ಬ್ಯಾಟರಿಗೆ ಹದವಾಗಿ ಉಣಿಸೋ ಯಂತ್ರ ಕಾರೊಳಗೇ ಕೂತಿರತ್ತೆ, ನಿಜವಾದ ಚಾರ್ಜರ್ ಅದು. ಮನೆ ಗೋಡೆಗೆ ಹೊಡೆದಿರೋ ಡಬ್ಬ ಇದ್ಯಲ್ಲ, ನಾವೆಲ್ಲ ಚಾರ್ಜರ್ ಅಂತ ಕರೆಯೋದು, ಅದು ಏನನ್ನೂ ಚಾರ್ಜ್ ಮಾಡಲ್ಲ! ಗನ್ (ಕೇಬಲ್ ತುದಿಯ ಪ್ಲಗ್ಗು) ಕಾರಿಗೆ ಚುಚ್ಚಿದ ಮೇಲೆ ಕಾರಿಗೂ ಅದಕ್ಕೂ ಒಂದು ಸಣ್ಣ ಪಿನ್ನಿನ ಮೂಲಕ ಮಾತುಕತೆ ನಡೆಯತ್ತೆ, ಇಷ್ಟು ಆಂಪ್ ತನಕ ಎಳ್ಕೋಬಹುದು ನೋಡು ಅಂತ ಡಬ್ಬ ತಿಳಿಸತ್ತೆ, ಕಾರು ರೆಡಿ ಅಂತ ಸಿಗ್ನಲ್ ಕೊಟ್ಟ ಮೇಲೆ ಡಬ್ಬದ ಒಳಗಡೆ ‘ಟಕ್’ ಅನ್ನತ್ತೆ, ಆಮೇಲೇ ಕರೆಂಟು ಹರಿಯೋದು. ಹಾಗೆ ನೋಡಿದ್ರೆ ಅದೊಂದು ಹುಷಾರಾದ ಸ್ವಿಚ್ಚು. ಹೆದ್ದಾರಿ ಪಕ್ಕ ಬೀರು ಥರ ನಿಂತು ಫ್ಯಾನ್ ಭರ್ ಅನ್ನಿಸೋ ಡಿಸಿ ಫಾಸ್ಟ್ ಚಾರ್ಜರ್ ಮಾತ್ರ ಹೆಸರಿಗೆ ತಕ್ಕ ಚಾರ್ಜರ್, ಅದು ತನ್ನೊಳಗೇ ಡಿಸಿ ಮಾಡಿ ಕಾರೊಳಗಿನ ಚಾರ್ಜರನ್ನ ಬಿಟ್ಟು ಸೀದಾ ಬ್ಯಾಟರಿಗೆ ಕಳಿಸತ್ತೆ.

ಇಷ್ಟು ಕೂದಲು ಸೀಳೋದು ಯಾಕೆ ಅಂತ ಕೇಳಬಹುದು. ಗೋಡೆ ಡಬ್ಬ 7.4 ಕಿಲೋವ್ಯಾಟಿಂದು (230 ವೋಲ್ಟ್, 32 ಆಂಪ್), ಕಾರೊಳಗಿನ ಚಾರ್ಜರ್ 3.3 ಕಿಲೋವ್ಯಾಟಿಂದು ಅಂತಿಟ್ಕೊಳ್ಳಿ. ಒಳಗೆ ಹೋಗೋದು 3.3 ಅಷ್ಟೇ. ಓದುಗ ‘ಚಾರ್ಜರ್ ಸ್ಲೋ’ ಅಂತ ಡಬ್ಬಕ್ಕೆ ಬಯ್ತಾನೆ, ಪಾಪ ಅದರ ತಪ್ಪೇನಿಲ್ಲ. ಕೈಪಿಡಿಯಲ್ಲಿ ಎರಡಕ್ಕೂ ಒಂದೇ ಹೆಸರಿಟ್ಟರೆ ಆ ಗೊಂದಲ ಹುಟ್ಟಿಸಿದವನು ನಾನೇ ಆಗ್ತೀನಿ.

ಅಚ್ಚಗನ್ನಡ ಅಥವಾ ಸಂಸ್ಕೃತದ ದಾರಿಯನ್ನೂ ನೋಡಿದೆ. ಪಠ್ಯಪುಸ್ತಕದಲ್ಲಿ ಚಾರ್ಜ್‌ಗೆ ‘ಆವೇಶ’, ‘ವಿದ್ಯುದಾವೇಶ’ ಇದೆ. ‘ಕಾರಿಗೆ ಆವೇಶ ತುಂಬಿ’ ಅಂತ ಬರೆದು ಸ್ನೇಹಿತನಿಗೆ ಓದಿ ಹೇಳಿದೆ, ಕಾರಿನ ಮೈಮೇಲೆ ದೇವರು ಬರತ್ತಾ ಅಂದ. ನಗು ಬಿಡಿ, ಅರ್ಥದಲ್ಲೂ ಅದು ಕೂರಲ್ಲ. ಬ್ಯಾಟರಿ ಫುಲ್ ಆದಾಗ ಅದರ ಒಟ್ಟು ಆವೇಶವೇನೂ ಜಾಸ್ತಿ ಆಗಿರಲ್ಲ, ಒಂದು ಕಡೆಯಿಂದ ಹೋದಷ್ಟೇ ಇಲೆಕ್ಟ್ರಾನು ಇನ್ನೊಂದು ಕಡೆಗೆ ಬಂದಿರತ್ತೆ, ಕೂಡಿಟ್ಟಿರೋದು ರಾಸಾಯನಿಕ ಶಕ್ತಿ. ‘ಮರುಪೂರಣ’ ಪರವಾಗಿಲ್ಲ ಅನ್ಸತ್ತೆ, ಆದ್ರೆ ಅದನ್ನ ಅಂತರ್ಜಲದವರು ಆಗಲೇ ಹಿಡ್ಕೊಂಡಿದಾರೆ, ಕೇಳಿದ ಕೂಡಲೇ ಇಂಗುಗುಂಡಿ ಕಣ್ಮುಂದೆ ಬರತ್ತೆ.

ನನಗನ್ಸೋದು, ‘ಚಾರ್ಜ್’ ಅನ್ನ ಮುಟ್ಟೋದೇ ಬೇಡ, ಕನ್ನಡ ಅದನ್ನ ಕ್ರಿಯಾಪದಗಳಿಂದ ಯಾವತ್ತೋ ಒಳಗೆ ಹಾಕ್ಕೊಂಡಿದೆ: ಚಾರ್ಜಿಗೆ ಹಾಕು, ಚಾರ್ಜ್ ಏರ್ತಿಲ್ಲ, ಇಳೀತಿದೆ, ನಿಲ್ಲಲ್ಲ. ಕಿಲೋವ್ಯಾಟ್-ಅವರ್ (kWh) ಅನ್ನೋದಕ್ಕೂ ‘ಯೂನಿಟ್’ ಅಂತ ಸಲೀಸಾದ ಮಾತಿದೆ, ‘40 ಯೂನಿಟ್ ಬ್ಯಾಟರಿ’ ಅಂದ್ರೆ ಅದನ್ನ ಕಿಲೋವ್ಯಾಟ್ ಜೊತೆ ಯಾರೂ ಗೊಂದಲ ಮಾಡ್ಕೊಳ್ಳಲ್ಲ.

ಹಾಗಾಗಿ ಸದ್ಯಕ್ಕೆ ಕಾರೊಳಗಿನದಕ್ಕೆ ‘ಒಳಚಾರ್ಜರ್’, ಗೋಡೆದಕ್ಕೆ ‘ಚಾರ್ಜಿಂಗ್ ಪೆಟ್ಟಿಗೆ’, ಬೀರುವಿಗೆ ‘ಡಿಸಿ ಚಾರ್ಜರ್’ ಅಂತ ಹಾಕಿದೀನಿ. ‘ಪೆಟ್ಟಿಗೆ’ ಅನ್ನೋದು ಯಾಕೋ ಹಳೇ ಟ್ರಂಕಿನ ವಾಸನೆ ಹೊಡೀತಿದೆ. ಈ ಡಬ್ಬ ಕೂರಿಸೋ ಎಲೆಕ್ಟ್ರಿಷಿಯನ್ನುಗಳು ತಮ್ಮ ತಮ್ಮಲ್ಲಿ ಇದಕ್ಕೆ ಏನಂತಾರೆ, ಯಾರಾದ್ರೂ ಕಿವಿಯಾರೆ ಕೇಳಿದ್ರೆ ತಿಳಿಸ್ತೀರಾ? ನಿಘಂಟಲ್ಲಿ ಹುಡುಕಿದ್ದು ಬೇಡ, ಅದನ್ನ ನಾನೂ ಹುಡುಕಿ ಆಗಿದೆ.