ಅಮ್ಮನ ಪೇಸ್‌ಮೇಕರ್ ಬದಲಾಯಿಸಬೇಕು: ರಿಮೋಟ್ ಮಾನಿಟರಿಂಗ್‌ಗೆ 60,000 ಹೆಚ್ಚು ಕೊಡಬಹುದಾ?

ಯಲಹಂಕ_ಮನೆ ಕೇಳಿದ್ದು:

ಅಮ್ಮನಿಗೆ 78. ಕಂಪ್ಲೀಟ್ ಹಾರ್ಟ್ ಬ್ಲಾಕ್ (ಹೃದಯದ ಮೇಲಿನ ಕೋಣೆಯ ಸಂಕೇತ ಕೆಳಕೋಣೆಗೆ ತಲುಪಲ್ಲ), ಎರಡೂ ಕೋಣೆ ನಡೆಸುವ ಡ್ಯುಯಲ್ ಚೇಂಬರ್ ಪೇಸ್‌ಮೇಕರ್. ಬ್ಯಾಟರಿ ಈಗ ಇಆರ್‌ಐಗೆ, ಅಂದರೆ ಬದಲಾಯಿಸಬೇಕಾದ ಮಟ್ಟಕ್ಕೆ ಬಂದಿದೆ. ಹೃದಯಕ್ಕೆ ಹೋಗುವ ತಂತಿಗಳು (ಲೀಡ್) ಸರಿಯಾಗಿವೆಯಂತೆ, ಬ್ಯಾಟರಿ ಇರುವ ಡಬ್ಬಿ ಮಾತ್ರ ಬದಲಾಯಿಸಿದರೆ ಸಾಕು ಅಂದಿದ್ದಾರೆ. ಎರಡು ಕೊಟೇಶನ್ ಕೈಯಲ್ಲಿವೆ. ಒಂದು ಸಾಮಾನ್ಯ ಮಾಡೆಲ್. ಇನ್ನೊಂದು ಬ್ಲೂಟೂತ್ ಮೂಲಕ ಮನೆಯಿಂದಲೇ ಮಾಹಿತಿ ಕಳಿಸೋದು. ಅದಕ್ಕೆ 60,000 ಹೆಚ್ಚು, ಮೇಲೆ ವರ್ಷಕ್ಕೆ 3,000 ಫಾಲೋಅಪ್ ಶುಲ್ಕ.

ಅಮ್ಮ ಇರೋದು ಯಲಹಂಕ ನ್ಯೂ ಟೌನ್, ಆಸ್ಪತ್ರೆ ಬನ್ನೇರುಘಟ್ಟ ರಸ್ತೆಯಲ್ಲಿ. ವರ್ಷಕ್ಕೆ ಎರಡು ಸಲ ಚೆಕಪ್. ಹೋಗಿಬರೋ ಕ್ಯಾಬ್ 1,800, ಚೆಕಪ್ 1,200. ಅಮ್ಮನ ಹತ್ತಿರ ಸ್ಮಾರ್ಟ್‌ಫೋನ್ ಇದೆ, ವಾಟ್ಸಾಪ್ ಬಿಟ್ಟು ಬೇರೇನೂ ಮುಟ್ಟಲ್ಲ. ಈ ದುಡ್ಡಿಗೆ ನಿಜವಾಗಿ ಸಿಗೋದೇನು?

---

ಲೆಕ್ಕದ_ಪುಸ್ತಕ

ಮೊದಲು ದುಡ್ಡಿನದನ್ನೇ ಮುಗಿಸೋಣ. ಡಬ್ಬಿ 10 ವರ್ಷ ಬಾಳುತ್ತೆ ಅಂತಿಟ್ಟುಕೊಳ್ಳಿ. ಈಗಿನ ಹಾಗೇ ಹೋದರೆ 20 ಭೇಟಿ, ತಲಾ 3,000, ಒಟ್ಟು 60,000. ಸಂಪರ್ಕ ತಪ್ಪದೆ ಮಾಹಿತಿ ಬರುತ್ತಿರುವ, ಬೇರೆ ತೊಂದರೆ ಇಲ್ಲದವರನ್ನು 24 ತಿಂಗಳಿಗೊಮ್ಮೆ ಎದುರಿಗೆ ನೋಡಿದರೂ ಸಾಕು ಎಂದು 2023ರಲ್ಲಿ ಬಂದ ಅಂತರರಾಷ್ಟ್ರೀಯ ತಜ್ಞರ ಹೇಳಿಕೆ ಹೇಳುತ್ತದೆ. ಜಪಾನಿನಲ್ಲಿ ಪೇಸ್‌ಮೇಕರ್ ಇರುವ ಸಾವಿರಕ್ಕೂ ಹೆಚ್ಚು ಜನರನ್ನು ಹೀಗೆ ಎರಡು ವರ್ಷಕ್ಕೊಮ್ಮೆ ಮಾತ್ರ ಕರೆಸಿ ನೋಡಿದ ಅಧ್ಯಯನದಲ್ಲೂ ಅಪಾಯ ಹೆಚ್ಚಲಿಲ್ಲ. ಅಂದರೆ 20ರ ಜಾಗದಲ್ಲಿ 5 ಭೇಟಿ, 15,000. ಉಳಿತಾಯ 45,000.

ಖರ್ಚು 60,000 ಮತ್ತು 10 ವರ್ಷದ ಶುಲ್ಕ 30,000, ಒಟ್ಟು 90,000. ಅಲ್ಲಿಗೆ 45,000 ಕೈಬಿಡುತ್ತೆ. ತಿಂಗಳಿಗೆ ಹಂಚಿದರೆ 375 ರೂಪಾಯಿ. ಇದರಿಂದ ದುಡ್ಡು ಉಳಿಯುತ್ತೆ ಅಂತ ಯಾರಾದರೂ ಹೇಳಿದರೆ ನಿಮ್ಮ ವಿಳಾಸಕ್ಕೆ ಆ ಮಾತು ಸುಳ್ಳು. ಅದೇ ಅಮ್ಮ ಹಾಸನದಲ್ಲಿ ಇದ್ದಿದ್ದರೆ? ಹೋಗಿಬರೋಕೆ 370 ಕಿಲೋಮೀಟರ್, ಕಿಲೋಮೀಟರಿಗೆ 14 ಅಂದರೂ 5,180. ಚೆಕಪ್, ಊಟ ಸೇರಿ 7,000. 15 ಭೇಟಿ ತಪ್ಪಿದರೆ 1,05,000 ಉಳಿಯುತ್ತಿತ್ತು, ಗಿಟ್ಟುತ್ತಿತ್ತು. ನಿಮ್ಮ ಅರ್ಧ ದಿನದ ರಜೆಗಳನ್ನು ನಾನು ಸೇರಿಸಿಲ್ಲ, ಅದರ ಬೆಲೆ ನೀವೇ ಕಟ್ಟಿಕೊಳ್ಳಿ.

ಆಸ್ಪತ್ರೆ ಎಷ್ಟು ದಿನಕ್ಕೊಮ್ಮೆ ಕರೆಯುತ್ತೆ ಅನ್ನೋದರ ಮೇಲೇ ಈ ಲೆಕ್ಕವೆಲ್ಲ ನಿಂತಿರೋದು. ರಿಮೋಟ್ ಶುಲ್ಕವನ್ನೂ ತಗೊಂಡು ಆರು ತಿಂಗಳಿಗೊಮ್ಮೆ ಬನ್ನಿ ಅಂತಲೂ ಹೇಳಿದರೆ ಎರಡೂ ಕಡೆ ಕಟ್ಟಿದ ಹಾಗಾಯ್ತು. ಬರೀ ದಂಡ.

---

ಡಿವೈಸ್_ಕ್ಲಿನಿಕ್

ಮೇಲಿನ ಲೆಕ್ಕ ಸರಿ. ಆ 375ಕ್ಕೆ ಏನು ಸಿಗುತ್ತೆ ಅಂದರೆ, ನಿಮ್ಮ ತಾಯಿಯ ವಿಷಯದಲ್ಲಿ ಉತ್ತರ ಲೀಡ್‌ನಲ್ಲಿದೆ. ಡಬ್ಬಿ ಹೊಸದು, ತಂತಿ ಹಳೇದು. ಕಂಪ್ಲೀಟ್ ಬ್ಲಾಕ್ ಇರುವವರಿಗೆ ಕೆಳಕೋಣೆಯ ಆ ಒಂದು ಲೀಡ್ ಕೈಕೊಟ್ಟರೆ ಹಿಂದೆ ಆಸರೆ ಇರಲ್ಲ, ತಲೆಸುತ್ತಿ ಬೀಳ್ತಾರೆ.

ಡಬ್ಬಿ ದಿನಾ ಲೀಡ್‌ನ ಇಂಪೆಡೆನ್ಸ್, ಅಂದರೆ ವಿದ್ಯುತ್ತಿಗೆ ಇರುವ ತಡೆ ಅಳೆಯುತ್ತೆ. ತಿಂಗಳಾನುಗಟ್ಟಲೆ 480, 500, 490 ಓಮ್ ಅಂತ ಒಂದೇ ಗೆರೆಯಲ್ಲಿ ಬರುತ್ತಿದ್ದದ್ದು ಒಂದು ದಿನ 1,900ಕ್ಕೆ ಹಾರಿ ಮರುದಿನ ಮತ್ತೆ 500 ಆದರೆ, ಒಳಗಿನ ತಂತಿ ತುಂಡಾಗುತ್ತಿದೆ, ಇಲ್ಲವೇ ಡಬ್ಬಿಯೊಳಗೆ ಲೀಡ್ ಹಿಡಿದಿರುವ ಸ್ಕ್ರೂ ಸಡಿಲ ಇದೆ ಎಂದರ್ಥ. ಡಬ್ಬಿ ಬದಲಾಯಿಸಿದ ಹೊಸದರಲ್ಲಿ ಮೊದಲು ಸ್ಕ್ರೂ ಮೇಲೇ ಅನುಮಾನ ಪಡಬೇಕು. 200ಕ್ಕಿಂತ ಕೆಳಗಿಳಿದರೆ ತಂತಿಯ ಇನ್ಸುಲೇಶನ್ ಸವೆದಿರಬಹುದು. ತುಂಡಾಗುತ್ತಿರುವ ತಂತಿ ತೋಳು ಒಂದು ಕಡೆ ಇದ್ದಾಗ ಕೂಡಿಕೊಂಡಿರುತ್ತೆ, ಎತ್ತಿದಾಗ ಬಿಡುತ್ತೆ. ಚೆಕಪ್ ಟೇಬಲ್ ಮೇಲೆ ಮಲಗಿಸಿ ಅಳೆದ ಆ ಹೊತ್ತಿಗೆ 500 ಅಂತಲೇ ತೋರಿಸಬಹುದು. ದಿನದ ದಾಖಲೆ ಸಾಮಾನ್ಯ ಮಾಡೆಲ್‌ನಲ್ಲೂ ಇರುತ್ತೆ. ಆದರೆ ನೀವು ಆಸ್ಪತ್ರೆಗೆ ಹೋಗೋ ತನಕ ಅದನ್ನು ಓದುವವರಿಲ್ಲ. ರಿಮೋಟ್‌ನಲ್ಲಿ ಒಂದೆರಡು ದಿನದಲ್ಲೇ ಗೊತ್ತಾಗುತ್ತೆ. ನೀವು ಹೆಚ್ಚು ಕೊಡುತ್ತಿರೋದು ಈ ವ್ಯತ್ಯಾಸಕ್ಕೆ.

ಮನೆಯಲ್ಲಿ ಕೆಡೋದು ಮಾತ್ರ ಸಣ್ಣಪುಟ್ಟ ಕಾರಣಕ್ಕೆ. ಮಾನಿಟರ್ ಪೆಟ್ಟಿಗೆ ಕೊಡುವ ಮಾಡೆಲ್ ಆದರೆ, ಮಂಚದ ಪಕ್ಕದ ಪ್ಲಗ್ ಪಾಯಿಂಟ್ ಅದಕ್ಕೇ ಮೀಸಲಿರಬೇಕು. ಸಂಜೆ ಸೊಳ್ಳೆ ಮೆಷಿನ್ ಹಾಕೋಕೆ ಮಾನಿಟರ್ ಕಿತ್ತು ಪಕ್ಕಕ್ಕಿಡ್ತಾರೆ, ವಾಪಸ್ ಹಾಕೋದು ಮರೆತುಹೋಗುತ್ತೆ. ಮಾಹಿತಿ ಹೋಗೋದು ಹೆಚ್ಚಾಗಿ ರಾತ್ರಿ, ಮಲಗಿರುವಾಗ. ಬೇಸಿಗೆಯಲ್ಲಿ ಹಾಲ್‌ನಲ್ಲಿ ಚಾಪೆ ಹಾಸಿ ಮಲಗೋ ಅಭ್ಯಾಸ ಇದ್ದರೂ ತಪ್ಪಿಹೋಗುತ್ತೆ. ಯುಪಿಎಸ್ ಲೈನ್ ಇರುವ ಪ್ಲಗ್‌ಗೆ ಹಾಕಿ, ಬೆಸ್ಕಾಂ ಕರೆಂಟ್ ಹೋದರೂ ನಿಲ್ಲಲ್ಲ. ಪೆಟ್ಟಿಗೆಯಲ್ಲಿ ಮೊಬೈಲ್ ಸಿಗ್ನಲ್ ದೀಪ ಹಸಿರಾಗಿದೆಯಾ ಅಂತ ಆ ಕೋಣೆಯಲ್ಲೇ ಇಟ್ಟು ನೋಡಬೇಕು, ಹಾಲ್‌ನಲ್ಲಿ ನೋಡಿದರೆ ಪ್ರಯೋಜನವಿಲ್ಲ.

ನಿಮಗೆ ಹೇಳಿರೋದು ಫೋನ್ ಆ್ಯಪ್ ಅನಿಸುತ್ತೆ. ಅದರಲ್ಲಿ ಬ್ಲೂಟೂತ್ ಆಫ್ ಆಗೋದು, ಆ್ಯಂಡ್ರಾಯ್ಡ್‌ನ ಬ್ಯಾಟರಿ ಉಳಿತಾಯ ಆ್ಯಪನ್ನು ಮಲಗಿಸೋದು, ಮೊಮ್ಮಕ್ಕಳು ಎಲ್ಲಾ ಆ್ಯಪ್ ಸ್ವೈಪ್ ಮಾಡಿ ಮುಚ್ಚೋದು, ಇವೇ ನಿತ್ಯದ ರಗಳೆ. ಆ್ಯಪ್‌ನ ಬ್ಯಾಟರಿ ಸೆಟ್ಟಿಂಗ್ 'ಅನಿರ್ಬಂಧಿತ' ಮಾಡಿ, ಆಟೋಸ್ಟಾರ್ಟ್ ಆನ್ ಮಾಡಿ, ಪರ್ಮಿಷನ್‌ಗಳನ್ನೆಲ್ಲ ಕೊಡಿ. ಫೋನ್ ಬದಲಾದರೆ ಮತ್ತೆ ಜೋಡಿಸಬೇಕು, ತಾನಾಗಿ ಬರಲ್ಲ. ರಾತ್ರಿ ಫೋನ್ ಮಂಚದ ಪಕ್ಕ ಐದಾರು ಅಡಿ ಒಳಗಿರಲಿ. ಆದರೆ ಡಬ್ಬಿಯ ಮೇಲಿನ ರವಿಕೆಯೊಳಗೆ ಸಿಕ್ಕಿಸಿಕೊಳ್ಳೋದು ಬೇಡವೇ ಬೇಡ. ಕನಿಷ್ಠ 15 ಸೆಂಟಿಮೀಟರ್ ದೂರ ಬೇಕು.

ವಾಟ್ಸಾಪ್ ಬಿಟ್ಟು ಬೇರೆ ಮುಟ್ಟದವರಿಗೆ ಪೆಟ್ಟಿಗೆ ಮಾದರಿಯೇ ಒಳ್ಳೇದು. ಸಿಗುತ್ತಾ ಕೇಳಿ.

---

ಹೃದಯ_ವಿಭಾಗ

ಎರಡು ಮಾತು ಸೇರಿಸಬೇಕು. ಮೊದಲನೇದು, ಇದು ತುರ್ತು ಸೇವೆ ಅಲ್ಲ. ರಾತ್ರಿ ಎರಡಕ್ಕೆ ಹೋದ ಅಲರ್ಟ್ ಸಾಮಾನ್ಯವಾಗಿ ಕೆಲಸದ ವೇಳೆಯಲ್ಲಿ ಯಾರೋ ಕಂಪ್ಯೂಟರ್ ತೆರೆದಾಗಲೇ ಕಾಣೋದು. ಎದೆನೋವು, ಪ್ರಜ್ಞೆ ತಪ್ಪೋದು, ಉಸಿರುಗಟ್ಟೋದು ಆದರೆ 108. 'ಮಾನಿಟರ್ ಇದೆಯಲ್ಲ, ಅವರೇ ಫೋನ್ ಮಾಡ್ತಾರೆ' ಅಂತ ಕಾಯಬಾರದು. ಡಬ್ಬಿ ಇಟ್ಟ ಜಾಗ ಕೆಂಪಾದರೆ, ಊದಿಕೊಂಡರೆ, ಹೊಲಿಗೆಯಿಂದ ನೀರು ಒಸರಿದರೆ ಅದು ಯಾವ ಮಾನಿಟರ್‌ಗೂ ಕಾಣಲ್ಲ. ಡಬ್ಬಿ ಬದಲಾಯಿಸುವಾಗ ಸೋಂಕಿನ ಸಾಧ್ಯತೆ ಮೊದಲ ಸಲಕ್ಕಿಂತ ಹೆಚ್ಚು. ಮೊದಲ ಕೆಲವು ವಾರದ ಭೇಟಿ ತಪ್ಪಿಸಬೇಡಿ. ಮನೆಯಿಂದ ಹೋಗೋದು ಮಾಹಿತಿ ಮಾತ್ರ, ಸೆಟ್ಟಿಂಗ್ ಬದಲಾಯಿಸಬೇಕಾದರೆ ಆಸ್ಪತ್ರೆಗೇ ಬರಬೇಕು.

ಎರಡನೇದು ಏಟ್ರಿಯಲ್ ಫಿಬ್ರಿಲೇಶನ್. ವಯಸ್ಸಾದವರಲ್ಲಿ ಏನೂ ಲಕ್ಷಣವಿಲ್ಲದೆ ಮೇಲಿನ ಕೋಣೆ ಅಡ್ಡಾದಿಡ್ಡಿ ಬಡಿಯೋದನ್ನು ಪೇಸ್‌ಮೇಕರ್ ಹಿಡಿಯುತ್ತೆ. 2012ರಲ್ಲಿ ಬಂದ ಅಸರ್ಟ್ ಅಧ್ಯಯನದಲ್ಲಿ, 65 ದಾಟಿದ 2,580 ಜನರ ಪೈಕಿ ಆರು ನಿಮಿಷಕ್ಕಿಂತ ಹೆಚ್ಚು ಹಾಗಾದವರಿಗೆ ಪಾರ್ಶ್ವವಾಯುವಿನ ಅಪಾಯ ಸುಮಾರು ಎರಡೂವರೆ ಪಟ್ಟು ಇತ್ತು. ಹಾಗಂತ ಅಲರ್ಟ್ ಬಂದ ತಕ್ಷಣ ರಕ್ತ ತೆಳುಮಾಡುವ ಮಾತ್ರೆ ಶುರು ಮಾಡೋದಲ್ಲ. 2023ರ ಎರಡು ಅಧ್ಯಯನಗಳಲ್ಲಿ ಒಂದರಲ್ಲಿ ಅಪಿಕ್ಸಬಾನ್ ಪಾರ್ಶ್ವವಾಯು ಕಡಿಮೆ ಮಾಡಿತು, ಜೊತೆಗೆ ರಕ್ತಸ್ರಾವವನ್ನೂ ಹೆಚ್ಚಿಸಿತು. ಇನ್ನೊಂದರಲ್ಲಿ ಎಡಾಕ್ಸಬಾನ್‌ನಿಂದ ಹೇಳಿಕೊಳ್ಳುವ ಲಾಭ ಕಾಣಲಿಲ್ಲ. ಎಷ್ಟು ಹೊತ್ತು ಆಯ್ತು, ಬಿಪಿ, ಶುಗರ್, ಹಿಂದೆ ಪಾರ್ಶ್ವವಾಯು ಆಗಿತ್ತಾ, ಬೀಳುವ ಭಯ ಎಷ್ಟು, ಇವನ್ನೆಲ್ಲ ನೋಡಿ ವೈದ್ಯರು ಹೇಳಬೇಕು. ಅಲರ್ಟ್ ಬಂದ ಮೇಲೆ ಮಾತಾಡುವ ವೈದ್ಯರೇ ಇಲ್ಲದಿದ್ದರೆ ಅದರಿಂದ ಮನೆಯವರ ನಿದ್ದೆ ಕೆಡುತ್ತೆ ಅಷ್ಟೇ.

---

ಯಲಹಂಕ_ಮನೆ

ಎಲ್ಲರಿಗೂ ಧನ್ಯವಾದ. ಲೀಡ್ ವಿಷಯ ಯಾರೂ ಹೇಳಿರಲಿಲ್ಲ. ಆಸ್ಪತ್ರೆಯಲ್ಲಿ ಏನೇನು ಕೇಳಬೇಕು? ಬೇರೆ ಕಂಪನಿ ಡಬ್ಬಿ ಹಾಕಿಸಬಹುದಾ? ಯೋಚನೆ ಮಾಡೋಕೆ ಎಷ್ಟು ದಿನ ಇದೆ?

---

ಡಿವೈಸ್_ಕ್ಲಿನಿಕ್

ಇಆರ್‌ಐ ಬಂದ ದಿನದಿಂದ ಸಾಮಾನ್ಯವಾಗಿ ಮೂರು ತಿಂಗಳ ಅವಕಾಶ ಇಟ್ಟು ವಿನ್ಯಾಸ ಮಾಡಿರ್ತಾರೆ. ಚೆಕಪ್ ದಿನ ಅಲ್ಲ, ಇಆರ್‌ಐ ಮುಟ್ಟಿದ ದಿನಾಂಕ. ಅದು ಪ್ರಿಂಟ್‌ಔಟ್‌ನಲ್ಲೇ ಇರುತ್ತೆ, ನೋಡಿ. ಕೆಲವು ಕಂಪನಿಗಳ ಡ್ಯುಯಲ್ ಚೇಂಬರ್ ಡಬ್ಬಿ ಆ ಹಂತದಲ್ಲಿ ಬ್ಯಾಟರಿ ಉಳಿಸೋಕೆ ಕೆಳಕೋಣೆ ಮಾತ್ರ ನಿಮಿಷಕ್ಕೆ 65ರಂತೆ ನಡೆಸುತ್ತೆ. ಅಮ್ಮ ಇತ್ತೀಚೆಗೆ ಮೆಟ್ಟಿಲು ಹತ್ತಿದರೆ ಸುಸ್ತು ಅಂತಿದ್ದರೆ ಕಾರಣ ಅದಿರಬಹುದು, ಹೇಳಿ.

ಬೇರೆ ಕಂಪನಿಯದು ಕೂರುತ್ತೆ. ಲೀಡ್ ತುದಿ ಐಎಸ್-1 ಅನ್ನೋ ಸಾಮಾನ್ಯ ಅಳತೆಯದ್ದಾದರೆ ಸಾಕು. ಆದರೆ ಒಂದು ಕಂಪನಿಯ ಲೀಡ್‌ಗೆ ಇನ್ನೊಂದರ ಡಬ್ಬಿ ಹಾಕಿದರೆ 'ಎಂಆರ್‌ಐ ಮಾಡಿಸಬಹುದು' ಅನ್ನೋ ಕಂಪನಿಯ ಮಾನ್ಯತೆ ಹೋಗುತ್ತೆ, ಡಬ್ಬಿ ಮೇಲೆ ಎಂಆರ್‌ಐ ಅಂತ ಬರೆದಿದ್ದರೂ.

ಕೇಳಬೇಕಾದ ಮುಖ್ಯ ಪ್ರಶ್ನೆ ಡಬ್ಬಿಯದಲ್ಲ: ಅಲರ್ಟ್ ಬಂದರೆ ಯಾರು ನೋಡ್ತಾರೆ, ಅವರು ರಜೆ ಹಾಕಿದರೆ ಯಾರು? ಸಾವಿರ ರೋಗಿಗಳಿಗೆ ಕನಿಷ್ಠ ಮೂವರು ಪೂರ್ಣಾವಧಿ ಸಿಬ್ಬಂದಿ ಬೇಕು ಅಂತ 2023ರ ಅದೇ ಹೇಳಿಕೆಯಲ್ಲಿದೆ. 'ಕಂಪನಿ ಹುಡುಗ ನೋಡ್ತಾನೆ' ಅನ್ನೋ ಉತ್ತರ ಬಂದರೆ 60,000 ಕೊಡಬೇಡಿ. ಸಂಪರ್ಕ ತಪ್ಪಿದರೆ ಎಷ್ಟು ದಿನಕ್ಕೆ ಮನೆಗೆ ಫೋನ್ ಬರುತ್ತೆ, ಅಮ್ಮನ ನಂಬರ್ ಜೊತೆ ನಿಮ್ಮ ನಂಬರ್ ಹಾಕ್ತಾರಾ, ಶುಲ್ಕ ಕಟ್ಟಿದ ಮೇಲೆ ಎದುರು ಚೆಕಪ್ ಎಷ್ಟಕ್ಕೆ ಇಳಿಯುತ್ತೆ, ಇವಕ್ಕೆ ಬರಹದಲ್ಲಿ ಉತ್ತರ ತಗೊಳ್ಳಿ. ಸರಿಯಾದ ಉತ್ತರ ಬಂದರೆ, ಹಳೇ ಲೀಡ್ ಮತ್ತು ಕಂಪ್ಲೀಟ್ ಬ್ಲಾಕ್ ಇರುವ ನಿಮ್ಮ ತಾಯಿಗೆ ನಾನು ರಿಮೋಟ್ ಮಾಡೆಲ್ಲೇ ಹಾಕಿಸಿ ಅಂತೀನಿ.

---

ಲೆಕ್ಕದ_ಪುಸ್ತಕ

ಇನ್ಶೂರೆನ್ಸ್ ಇದ್ದರೆ ಬಿಲ್‌ನಲ್ಲಿ ಡಬ್ಬಿ ಬೇರೆ, ಮಾನಿಟರ್ ಬೇರೆ ಸಾಲಿನಲ್ಲಿ ಬಂದಿದೆಯಾ ನೋಡಿ. ಒಳಗೆ ಇಡುವುದಕ್ಕೆ ಒಪ್ಪಿ, ಹೊರಗಿನ ಉಪಕರಣ ಅಂತ ಮಾನಿಟರ್ ಮೊತ್ತ ಕಡಿತ ಮಾಡುವ ಪಾಲಿಸಿಗಳಿವೆ. ಆಪರೇಷನ್‌ಗೆ ಮುಂಚೆಯೇ ಟಿಪಿಎಗೆ (ಇನ್ಶೂರೆನ್ಸ್ ಕ್ಲೇಮ್ ನೋಡಿಕೊಳ್ಳುವ ಸಂಸ್ಥೆ) ಮಾಡೆಲ್ ಹೆಸರು ಬರೆದು ಈಮೇಲ್ ಹಾಕಿ, ಉತ್ತರ ಇಟ್ಟುಕೊಳ್ಳಿ. ವರ್ಷದ 3,000 ಹೇಗೂ ಕೈಯಿಂದಲೇ.