ಇಯರ್‌ಹಾರ್ಟ್ ದನಿ ಅಷ್ಟು ಜೋರಾಗಿ ಕೇಳಿಸಿದರೂ ದಿಕ್ಕು ಯಾಕೆ ಸಿಗಲಿಲ್ಲ?

ಪ್ರಶ್ನೆ: 1937ರ ಜುಲೈ 2ರ ಬೆಳಿಗ್ಗೆ ಪೆಸಿಫಿಕ್ ಸಾಗರದ ಹೌಲ್ಯಾಂಡ್ ದ್ವೀಪದ ಬಳಿ ನಿಂತಿದ್ದ ಅಮೆರಿಕದ ಇಟಾಸ್ಕಾ ಹಡಗಿಗೆ, ವಿಮಾನದಲ್ಲಿ ಜಗತ್ತು ಸುತ್ತುತ್ತಾ ಆ ದ್ವೀಪಕ್ಕೆ ಬರುತ್ತಿದ್ದು ಅಂದೇ ಕಾಣೆಯಾದ ಪೈಲಟ್ ಅಮೇಲಿಯಾ ಇಯರ್‌ಹಾರ್ಟ್ ಮಾತು ಸ್ಪಷ್ಟವಾಗಿ ಕೇಳಿಸುತ್ತಿತ್ತು. ಎರಡೂ ಕಡೆ ದಿಕ್ಕು ಹಿಡಿಯುವ ರೇಡಿಯೋ (ಡಿಎಫ್) ಇತ್ತಲ್ಲ, ಮತ್ತೆ ಏನಾಯಿತು? ಕೊನೆಯಲ್ಲಿ ಹೇಳಿದ ‘157-337 ರೇಖೆ’ ಅಂದರೇನು?

ಉತ್ತರ: ಡಿಎಫ್ ಇತ್ತು, ಫ್ರೀಕ್ವೆನ್ಸಿ ಹೊಂದಲಿಲ್ಲ. ಆಕೆ ಮಾತಾಡುತ್ತಿದ್ದದ್ದು 3105 ಕಿಲೋಹರ್ಟ್ಸ್‌ನಲ್ಲಿ. ಹಡಗಿನ ಡಿಎಫ್ 500ರ ಆಸುಪಾಸಿನದು. 500ರಲ್ಲಿ ಚೆನ್ನಾಗಿ ಪ್ರಸಾರ ಮಾಡಲು ಬೇಕಿದ್ದ, ವಿಮಾನದ ಹಿಂದೆ ಇಳಿಬಿಡುವ ಉದ್ದನೆಯ ತಂತಿ ಮಯಾಮಿಯಲ್ಲೇ ಉಳಿದಿತ್ತು.

ವಿಮಾನದ ಲೂಪ್ ಆಂಟೆನಾ ತಿರುಗಿಸುತ್ತಾ ಹೋದರೆ ಒಂದು ಕೋನದಲ್ಲಿ ದನಿ ಅಡಗುತ್ತದೆ (ಅದೇ ‘ಮಿನಿಮಮ್’), ದಿಕ್ಕಿಗೆ ಅದೇ ಸುಳಿವು. ಆಕೆ 7500ರಲ್ಲಿ ಸಿಗ್ನಲ್ ಕಳಿಸಿ ಅಂದರು, ಹಡಗು ಮೋರ್ಸ್ ‘ಎ’ ಅಕ್ಷರ ಕಳಿಸುತ್ತಾ ಹೋಯಿತು. ಕೇಳಿಸಿತು, ಆದರೆ ಅಷ್ಟು ಮೇಲಿನ ಫ್ರೀಕ್ವೆನ್ಸಿಯಲ್ಲಿ ಆ ಲೂಪ್‌ಗೆ ದನಿ ಎಲ್ಲೂ ಅಡಗಲಿಲ್ಲ. ‘ಮಿನಿಮಮ್ ಸಿಗುತ್ತಿಲ್ಲ’ ಅಂತ ಆಕೆಯೇ ಹೇಳಿದ್ದಾರೆ. ದ್ವೀಪದಲ್ಲಿ 3105 ಹಿಡಿಯಬಲ್ಲ ಡಿಎಫ್ ಸೆಟ್ ಒಂದಿತ್ತು. ರಾತ್ರಿಯಿಡೀ ಓಡಿಸಿ ಅದರ ಬ್ಯಾಟರಿ ಇಳಿದುಹೋಗಿತ್ತು. ಇಳಿಯದಿದ್ದರೂ ಕಷ್ಟವೇ: ಆಕೆ ಕೆಲವೇ ಸೆಕೆಂಡು ಮಾತಾಡಿ ನಿಲ್ಲಿಸುತ್ತಿದ್ದರು, ಲೂಪ್ ತಿರುಗಿಸುವಷ್ಟರಲ್ಲಿ ಮುಗಿದಿರುತ್ತಿತ್ತು.

ಮತ್ತೊಂದು ಉತ್ತರ: 157-337 ಸೂರ್ಯನ ಲೆಕ್ಕ. ಅಂದು ಅಲ್ಲಿ ಸೂರ್ಯ ಹುಟ್ಟಿದ್ದು 67 ಡಿಗ್ರಿಯಲ್ಲಿ. ಅದಕ್ಕೆ ಲಂಬವಾಗಿ ಎಳೆದ ಗೆರೆಯೇ ಇದು, 157 ಮತ್ತು 337 ಅದರ ಎರಡು ತುದಿಗಳ ದಿಕ್ಕು, ಡಿಗ್ರಿಯಲ್ಲಿ. ನ್ಯಾವಿಗೇಟರ್ ಫ್ರೆಡ್ ನೂನನ್‌ಗೆ ಎಷ್ಟು ಮುಂದೆ ಬಂದಿದ್ದೇವೆ ಅನ್ನುವುದು ಇದರಿಂದ ಸಿಗುತ್ತದೆ. ಗೆರೆಯ ಮೇಲೆ ಉತ್ತರಕ್ಕಿದ್ದೇವೋ ದಕ್ಷಿಣಕ್ಕೋ, ಅದು ಮಾತ್ರ ಸಿಗುವುದಿಲ್ಲ. ಹಾಗಾಗಿಯೇ ಗೆರೆಯುದ್ದಕ್ಕೂ ಹಿಂದೆ ಮುಂದೆ ಹಾರಾಟ. ಹುಡುಕುತ್ತಿದ್ದದ್ದೋ ಎರಡೂವರೆ ಕಿ.ಮೀ. ಉದ್ದದ, ಸಮುದ್ರದಿಂದ ಕೆಲವೇ ಮೀಟರ್ ಎದ್ದ ಮರಳಪಟ್ಟಿ. 1000 ಅಡಿ ಎತ್ತರದಿಂದ ನೋಡಿದರೆ ಮೋಡದ ನೆರಳೂ ದ್ವೀಪದ ಹಾಗೇ ಕಾಣುತ್ತದೆ. ಮೇಲಾಗಿ ಆಗಿನ ನಕಾಶೆಯಲ್ಲಿ ಹೌಲ್ಯಾಂಡ್ ಸುಮಾರು 5 ನಾಟಿಕಲ್ ಮೈಲಿ ತಪ್ಪು ಜಾಗದಲ್ಲಿತ್ತು.

ಮೂರನೆಯ ಉತ್ತರ: ಅದೇ ಗೆರೆಯನ್ನು ದಕ್ಷಿಣಕ್ಕೆ ಎಳೆದರೆ ಸುಮಾರು 650 ಕಿ.ಮೀ. ದೂರದಲ್ಲಿ ನಿಕುಮರೊರೊ ದ್ವೀಪದ ಹತ್ತಿರ ಹೋಗುತ್ತದೆ, ಆಕೆ ಅಲ್ಲಿ ಇಳಿದಿರಬಹುದು ಅನ್ನುವ ವಾದ ಹುಟ್ಟಿದ್ದೇ ಅಲ್ಲಿಂದ. ಇಂಧನ ನೋಡಿ: ಹಾರಾಟ ಶುರುವಾದ ನ್ಯೂಗಿನಿಯ ಲೇ ಊರು ಬಿಟ್ಟಾಗ ಸುಮಾರು 1100 ಅಮೆರಿಕನ್ ಗ್ಯಾಲನ್. ಲಾಕ್‌ಹೀಡ್‌ನ ಎಂಜಿನಿಯರ್ ಕೆಲ್ಲಿ ಜಾನ್ಸನ್ ಕೊಟ್ಟ ಲೆಕ್ಕದಂತೆ ಗಂಟೆಗೆ 60, 51, 43 ಗ್ಯಾಲನ್, ಒಂದೊಂದೂ ಮೂರು ಗಂಟೆ, ಆಮೇಲೆ 38. ಮೇಲೇರುವ ಖರ್ಚು ಕಳೆದು 24 ಗಂಟೆ ಬರಬೇಕು. ಕೊನೆಯ ಸಂದೇಶ ಬಂದದ್ದು ಲೇ ಬಿಟ್ಟ 20 ಗಂಟೆ 13 ನಿಮಿಷಕ್ಕೆ. ಕಾಗದದ ಮೇಲೆ ನಿಕುಮರೊರೊ ಮುಟ್ಟಬಹುದು. ಆದರೆ ಅದಕ್ಕೂ ಒಂದು ಗಂಟೆ ಮೊದಲೇ ಆಕೆ ‘ಇಂಧನ ಕಡಿಮೆಯಾಗುತ್ತಿದೆ’ ಅಂದಿದ್ದರು. ಎದುರುಗಾಳಿಗೆ ಎಂಜಿನ್ ಜೋರು ಮಾಡಿದ್ದರೆ ಈ 38ರ ಲೆಕ್ಕ ನಿಲ್ಲುವುದಿಲ್ಲ. ನನ್ನ ಮತ ಹೌಲ್ಯಾಂಡ್ ಪಕ್ಕದ ಸಮುದ್ರದ ಕಡೆಗೇ.