ಯೂತ್ ಕಪ್ ಮೊದಲಿಂದ ಹಿಂಬಾಲಿಸಬೇಕು ಅಂತಿದ್ದೇನೆ, ಹುಡುಗರ ಆಟದಲ್ಲಿ ಏನನ್ನು ನೋಡಬೇಕು?

ಕೆಂಪುಜರ್ಸಿ:
ಎಫ್‌ಎ ಯೂತ್ ಕಪ್ ಅಂದರೆ ಇಂಗ್ಲೆಂಡ್‌ನ ಫುಟ್‌ಬಾಲ್ ಕ್ಲಬ್‌ಗಳ ಹುಡುಗರ ತಂಡಗಳು ಆಡುವ ನಾಕೌಟ್ ಕಪ್. ಅದರ 2022ರ ಫೈನಲ್ ನೋಡಿದಾಗಿನಿಂದ ನನಗೆ ಈ ಹುಚ್ಚು ಹಿಡಿದಿದೆ. ಮ್ಯಾಂಚೆಸ್ಟರ್ ಯುನೈಟೆಡ್‌ನ ಮೈದಾನ ಓಲ್ಡ್ ಟ್ರಾಫರ್ಡ್‌ನಲ್ಲಿ ಅಂಡರ್-18 ಹುಡುಗರ ಆಟಕ್ಕೆ 67,492 ಜನ! ನಾಟಿಂಗ್‌ಹ್ಯಾಮ್ ಫಾರೆಸ್ಟ್ ಹುಡುಗರು 1-1 ಮಾಡಿ ಕೊನೆಯವರೆಗೂ ಬಿಡಲಿಲ್ಲ, ಆಮೇಲೆ ಯುನೈಟೆಡ್‌ನ ಗರ್ನಾಚೊ ಒಂದು ಪೆನಾಲ್ಟಿ, ಇನ್ನೊಂದು ಗೋಲು ಹೊಡೆದು 3-1 ಮಾಡಿದ. ಆದರೆ ನಾನು ನೋಡಿದ್ದು ಫೈನಲ್ ಮಾತ್ರ. ಅದಕ್ಕೂ ಮೊದಲು ಯುನೈಟೆಡ್ ಹುಡುಗರು ಎವರ್ಟನ್, ಲೆಸ್ಟರ್, ವುಲ್ವ್ಸ್ ಎಲ್ಲರನ್ನೂ ದಾಟಿ ಬಂದಿದ್ದರು, ಅದೆಲ್ಲ ನನಗೆ ಬರೀ ಸ್ಕೋರ್ ಅಷ್ಟೇ. ಈ ಸಲ ಮೂರನೇ ಸುತ್ತಿನಿಂದಲೇ ನೋಡಬೇಕು ಅಂತ ಆಸೆ. ಹೆಸರೇ ಗೊತ್ತಿಲ್ಲದ ಹನ್ನೊಂದು ಹುಡುಗರು ಮೈದಾನಕ್ಕೆ ಇಳಿದಾಗ ನೀವು ಯಾರನ್ನು, ಏನನ್ನು ನೋಡುತ್ತೀರಿ? ಮುಂದೆ ದೊಡ್ಡ ಆಟಗಾರ ಆಗುವವನು ಮೊದಲೇ ಗೊತ್ತಾಗುತ್ತಾನಾ?

ಎಡಗಾಲು:
ಮೂರನೇ ಸುತ್ತಿನಿಂದ ನೋಡುವುದು ಸರಿಯಾದ ನಿರ್ಧಾರ. ಪ್ರೀಮಿಯರ್ ಲೀಗ್, ಚಾಂಪಿಯನ್‌ಶಿಪ್ ಅಂದರೆ ಮೇಲಿನ ಎರಡು ದರ್ಜೆಯ ಕ್ಲಬ್‌ಗಳು ಕಪ್‌ಗೆ ಬರುವುದೇ ಅಲ್ಲಿಂದ. ಅಲ್ಲಿಂದ ಆರು ಪಂದ್ಯ ಗೆದ್ದರೆ ಕಪ್. ಚಿಕ್ಕ ಕ್ಲಬ್‌ನ ಹುಡುಗರು ಅಷ್ಟು ಹೊತ್ತಿಗೆ ಹಲವು ಸುತ್ತು ಆಡಿ ಬಂದಿರುತ್ತಾರೆ, ದೊಡ್ಡ ಅಕಾಡೆಮಿ ಎದುರು ಬಂದರೆ ಜೀವಮಾನದ ಪಂದ್ಯ ಅನ್ನುವ ಹಾಗೆ ಆಡುತ್ತಾರೆ. ಅಲ್ಲೇ ಎಷ್ಟೋ ಒಳ್ಳೆಯ ತಂಡಗಳು ಎಡವುತ್ತವೆ.

ಇನ್ನು ಏನನ್ನು ನೋಡಬೇಕು ಅಂದರೆ, ಮೊದಲು ವಯಸ್ಸು ನೋಡಿ. ಸೀಸನ್ ಶುರುವಿನ ಆಗಸ್ಟ್ 31ಕ್ಕೆ ಹದಿನೆಂಟು ತುಂಬಿರಬಾರದು ಅನ್ನುವುದು ನಿಯಮ, ಹಾಗಾಗಿ ಒಂದೇ ಮೈದಾನದಲ್ಲಿ ಹದಿನಾರರ ಹುಡುಗನೂ ಇರುತ್ತಾನೆ, ಆಗಲೇ ಹದಿನೆಂಟು ದಾಟಿ ಮೈ ಕಟ್ಟಿಕೊಂಡವನೂ ಇರುತ್ತಾನೆ. ದೊಡ್ಡವನು ಓಟದಲ್ಲಿ ಹಿಂದೆ ಹಾಕಿ ಗೋಲು ಹೊಡೆದರೆ ಎಲ್ಲರೂ ಕುಣಿಯುತ್ತಾರೆ, ಎರಡು ವರ್ಷ ಬಿಟ್ಟು ಉಳಿದವರೂ ಅಷ್ಟೇ ಎತ್ತರ ಬೆಳೆದಾಗ ಆ ಓಟ ಒಂದೇ ಸಾಕಾಗುವುದಿಲ್ಲ. ನಾನು ನೋಡುವುದು ಚೆಂಡು ಬರುವ ಮುಂಚೆ ಹುಡುಗ ಏನು ಮಾಡುತ್ತಾನೆ ಅಂತ. ತಲೆ ತಿರುಗಿಸಿ ಹಿಂದೆ ಯಾರಿದ್ದಾರೆ ಅಂತ ನೋಡುತ್ತಾನಾ? ಮೊದಲ ಟಚ್‌ನಲ್ಲೇ ಮುಂದಿನ ಪಾಸ್‌ಗೆ ಜಾಗ ಮಾಡಿಕೊಳ್ಳುತ್ತಾನಾ? ನೀವು ನೋಡಿದ ಆ ಫೈನಲ್‌ನಲ್ಲಿ ಯುನೈಟೆಡ್‌ನ ಮಿಡ್‌ಫೀಲ್ಡ್‌ನಲ್ಲಿ ಕೋಬಿ ಮೈನೂ ಅನ್ನುವ ಹುಡುಗ ಇದ್ದ, ನೆನಪಿದೆಯಾ? ಮಾತೆಲ್ಲ ಗರ್ನಾಚೊ ಮೇಲೆ. ಎರಡೇ ವರ್ಷಕ್ಕೆ, 2024ರ ಎಫ್‌ಎ ಕಪ್ (ದೊಡ್ಡವರ ಕಪ್) ಫೈನಲ್‌ನಲ್ಲಿ ಮ್ಯಾಂಚೆಸ್ಟರ್ ಸಿಟಿ ವಿರುದ್ಧ ಒಂದು ಗೋಲು ಗರ್ನಾಚೊದು, ಇನ್ನೊಂದು ಮೈನೂದು. 2-1ಕ್ಕೆ ಯುನೈಟೆಡ್ ಗೆದ್ದಿತು. ಅವತ್ತು ನನಗೆ ಕಣ್ಣಲ್ಲಿ ನೀರು ಬಂತು.

ಹಳೇಗೋಲ್‌ಕೀಪರ್:
ಎಡಗಾಲು ಹೇಳಿದ್ದು ಸರಿ, ಆದರೆ "ಮುಂದೆ ಯಾರು ದೊಡ್ಡವನಾಗುತ್ತಾನೆ" ಅಂತಲೇ ನೋಡಲು ಕೂತರೆ ಎದುರಿಗಿರುವ ಪಂದ್ಯ ತಪ್ಪಿಹೋಗುತ್ತದೆ. ಕಪ್ಪಿಗೂ ಮುಂದಿನದಕ್ಕೂ ಲೆಕ್ಕ ಕೂಡುವುದೇ ಇಲ್ಲ. 1993ರ ಫೈನಲ್ ತೆಗೆದುಕೊಳ್ಳಿ. ಮುಂದೆ ದೊಡ್ಡ ಹೆಸರು ಮಾಡಿದ ಬೆಕಮ್, ಸ್ಕೋಲ್ಸ್, ಗ್ಯಾರಿ ನೆವಿಲ್ ಇದ್ದ ಯುನೈಟೆಡ್ ತಂಡವನ್ನು ಲೀಡ್ಸ್ ಹುಡುಗರು ಎರಡು ಪಂದ್ಯ ಸೇರಿ (ಆಗ ಫೈನಲ್ ಎರಡು ಪಂದ್ಯದ್ದು) 4-1ರಲ್ಲಿ ಸೋಲಿಸಿದರು. ಆ ಎರಡು ರಾತ್ರಿ ಲೀಡ್ಸ್ ಹುಡುಗರೇ ಚೆನ್ನಾಗಿ ಆಡಿದ್ದು. ಅವರಲ್ಲಿ ಯಾರೂ ಸ್ಕೋಲ್ಸ್ ಆಗಲಿಲ್ಲ, ಹಾಗಂತ ಆ ಗೆಲುವು ಚಿಕ್ಕದಾ?

2002ರಲ್ಲಿ ರೂನಿಯ ಎವರ್ಟನ್ ಫೈನಲ್‌ನಲ್ಲಿ ಆಸ್ಟನ್ ವಿಲ್ಲಾಗೆ ಸೋತಿತು. ಅದೇ ಅಕ್ಟೋಬರ್‌ನಲ್ಲಿ ಅವನು ಎವರ್ಟನ್‌ನ ಮುಖ್ಯ ತಂಡದಲ್ಲಿ ಆರ್ಸೆನಲ್ ವಿರುದ್ಧ ಹೊಡೆದ ಗೋಲು ಎಲ್ಲರಿಗೂ ಗೊತ್ತು. ಇತ್ತ ಚೆಲ್ಸಿ 2014ರಿಂದ 2018ರವರೆಗೆ ಸತತ ಐದು ಸಲ ಕಪ್ ಗೆದ್ದರೂ ಆ ತಂಡಗಳಲ್ಲಿದ್ದ ಮೌಂಟ್, ಏಬ್ರಹಾಂ, ರೀಸ್ ಜೇಮ್ಸ್ ಮೊದಲು ಬೇರೆ ಬೇರೆ ಕ್ಲಬ್‌ಗಳಿಗೆ ಲೋನ್ ಮೇಲೆ, ಅಂದರೆ ಸ್ವಲ್ಪ ಕಾಲ ಆಡಲು, ಹೋಗಬೇಕಾಯಿತು. 2019ರಲ್ಲಿ ಕ್ಲಬ್ ಮೇಲೆ ಹೊಸ ಆಟಗಾರರನ್ನು ತರಬಾರದು ಅಂತ ನಿಷೇಧ ಬಂದಾಗ ಆಗಿನ ಮ್ಯಾನೇಜರ್ ಲ್ಯಾಂಪಾರ್ಡ್ ಇವರನ್ನೇ ಆಡಿಸಿದರು. ಬಾಗಿಲು ತೆರೆಯುವುದು ಹುಡುಗನ ಕೈಯಲ್ಲಿ ಮಾತ್ರ ಇಲ್ಲ.

ನಾನೂ ಸ್ವಲ್ಪ ಆಡಿದವನು, ದೊಡ್ಡ ಮಟ್ಟದಲ್ಲಿ ಅಲ್ಲ. ಹದಿನೇಳರಲ್ಲಿ ಒಂದು ಸೆಮಿಫೈನಲ್‌ನಲ್ಲಿ ಸುಲಭದ ಚೆಂಡು ಕೈಜಾರಿ ಗೋಲಾಯಿತು. ಆಮೇಲೆ ನಮ್ಮ ಸೆಂಟರ್ ಬ್ಯಾಕ್ ಓಡಿ ಬಂದು ಬೆನ್ನು ತಟ್ಟಿ "ಮುಂದಿನದು ಹಿಡಿ" ಅಂದ, ಅಷ್ಟೇ. ಸೋತೆವು. ಅವನ ಮಾತು ಈಗಲೂ ಕಿವಿಯಲ್ಲಿದೆ. ಅದಕ್ಕೇ ತಪ್ಪಾದ ಮೇಲಿನ ಒಂದು ನಿಮಿಷ ಮಾತ್ರ ನಾನು ಬಿಡುವುದಿಲ್ಲ. ತಪ್ಪು ಮಾಡಿದವನು ಮತ್ತೆ ಚೆಂಡು ಕೇಳುತ್ತಾನಾ, ಪಕ್ಕದವನು ಅವನಿಗೆ ಕೊಡುತ್ತಾನಾ. ಆ ತಂಡ ಎಷ್ಟು ದೂರ ಹೋಗುತ್ತದೆ ಅಂತ ಅದರಲ್ಲೇ ತಿಳಿಯುತ್ತದೆ.

ಇನ್ನೊಂದು ಮಾತು. ಸೋತರೆ ದಯವಿಟ್ಟು ಆ ಹುಡುಗರ ಹೆಸರು ಹಿಡಿದು ಬೈಯಬೇಡಿ. ಅವರು ಎಲ್ಲ ಓದುತ್ತಾರೆ.

ಕೆಂಪುಜರ್ಸಿ:
ಇಬ್ಬರಿಗೂ ತುಂಬಾ ಥ್ಯಾಂಕ್ಸ್. ನಿನ್ನೆ ರಾತ್ರಿ ಆ 2022ರ ಫೈನಲ್ ಮತ್ತೆ ಹಾಕಿ ಮೈನೂ ಒಬ್ಬನನ್ನೇ ನೋಡಿದೆ. ಚೆಂಡು ಎಲ್ಲಿದ್ದರೂ ಕಣ್ಣು ಅವನ ಮೇಲೆ. ನಾನು ಅವತ್ತು ಬೇರೆ ಯಾವುದೋ ಪಂದ್ಯ ನೋಡಿದ್ದೆ ಅನ್ನಿಸಿತು. ಈ ಸಲ ಮೂರನೇ ಸುತ್ತು ಮುಗಿದ ಮೇಲೆ ಇಲ್ಲೇ ಬರೆಯುತ್ತೇನೆ, ಎದುರಾಳಿ ಹುಡುಗರ ಬಗ್ಗೆಯೂ.